ಹೊಸ ವಿಧಾನದ ಭಾರ ಯಾವ ಕಣಿವೆಗೆ?

ಬುಕ್ಕಾಂಬುಧಿ ಎಂಬ ಹೆಸರಿನಲ್ಲೇ ಅಂಬುಧಿ ಇದೆ. ಕೆರೆಯನ್ನು ಕಡಲೆಂದು ಕರೆದ ಸೀಮೆಗೆ ನೀರಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಕಲಿಸಬೇಕಾಗಿರುವುದು, ಕಾರ್ಖಾನೆಗಳನ್ನು ಹೊಸ ವಿಧಾನಕ್ಕೆ ಪರಿವರ್ತಿಸಿದೊಡನೆ ಉದ್ಯಮ ಶುದ್ಧವಾಯಿತೆಂದು ನಂಬುವವರಿಗೆ.

ಮಲೆನಾಡು ಇಂಥದೊಂದು ಪರಿವರ್ತನೆಯನ್ನು ಕಂಡಿದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಕೆಮ್ಮಣ್ಣುಗುಂಡಿಯ ಅದಿರನ್ನು ಕಾಡಿನ ಮರದ ಇದ್ದಿಲಿನಿಂದ ಕರಗಿಸುತ್ತಿತ್ತು. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಇದ್ದಿಲಿನ ಅವಲಂಬನೆ ತಗ್ಗಿತು, ನಿಜ. ಆದರೆ ವಿದ್ಯುತ್ತು ಎಲ್ಲಿಂದ ಬಂತು? ಶರಾವತಿಯಿಂದ. ಆ ನದಿಗೆ ಮೊದಲು ಹಿರೇಭಾಸ್ಕರದ, ಬಳಿಕ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂದು ಹಳ್ಳಿಗಳು ಮುಳುಗಿದವು. ವಿಧಾನ ಬದಲಾಯಿತು, ಭಾರ ಹೊರುವ ಕಣಿವೆಯೂ ಬದಲಾಯಿತು. ಭಾರ ಮಾತ್ರ ಉಳಿಯಿತು.

ಈಗ ಚಿಪ್ಪುಗಳ ಸರದಿ. ಮೊಹಾಲಿಯಲ್ಲಿರುವ ಕೇಂದ್ರ ಸರ್ಕಾರದ ಸೆಮಿಕಂಡಕ್ಟರ್ ಲ್ಯಾಬೊರೇಟರಿ 180 ನ್ಯಾನೋಮೀಟರ್ ವಿಧಾನದ ಕಾರ್ಖಾನೆ. ಅದರ ಆಧುನೀಕರಣಕ್ಕೆ 2025ರ ನವೆಂಬರ್‌ನಲ್ಲಿ 4,500 ಕೋಟಿ ರೂಪಾಯಿ ಘೋಷಣೆಯಾಯಿತು. ದೇಶದ ಸ್ವಾವಲಂಬನೆ ಬೇಡವೆನ್ನುವವರಿಲ್ಲ. ಕೇಳಬೇಕಾದದ್ದು ಇಷ್ಟೇ: ಹಣದ ಲೆಕ್ಕದ ಪಕ್ಕದಲ್ಲಿ ನೀರಿನ ಲೆಕ್ಕವನ್ನೂ ಜನರ ಮುಂದಿಡುವುದು ಯಾವಾಗ?

ಚಿಪ್ಪಿನ ಗೆರೆ ಸೂಕ್ಷ್ಮವಾದಷ್ಟೂ ತಯಾರಿಕೆಯ ಹಂತಗಳು ಹೆಚ್ಚುತ್ತವೆ. ಪದರ ಕೂರಿಸುವುದು, ಕೊರೆಯುವುದು, ತೊಳೆಯುವುದು ಮತ್ತೆ ಮತ್ತೆ ನಡೆಯುತ್ತದೆ. ತೊಳೆಯಲು ಅತಿಶುದ್ಧ ನೀರು ಬೇಕು, ಶುಚಿಗೊಳಿಸಲು ಹೈಡ್ರೋಫ್ಲೋರಿಕ್ ಆಮ್ಲ ಬೇಕು, ಧೂಳಿಲ್ಲದ ಗಾಳಿಗೆ ಹಗಲಿರುಳು ವಿದ್ಯುತ್ತು ಬೇಕು. ಹೊಗೆಕೊಳವೆ ಕಾಣದಿದ್ದ ಮಾತ್ರಕ್ಕೆ ಹೊರೆ ಇಲ್ಲವೆಂದಲ್ಲ. 2021ರ ಬರಗಾಲದಲ್ಲಿ ಚಿಪ್ ಉದ್ಯಮದ ರಾಜಧಾನಿಯಾದ ತೈವಾನ್, ಸಾವಿರಾರು ಹೆಕ್ಟೇರ್ ಹೊಲಗಳಿಗೆ ನೀರಾವರಿ ನಿಲ್ಲಿಸಿ ರೈತರಿಗೆ ಪರಿಹಾರ ಹಂಚಿತು, ಕಾರ್ಖಾನೆಗಳು ನಡೆದವು. ಬರ ಬಂದಾಗ ಯಾರ ತೂಬು ಮೊದಲು ಮುಚ್ಚುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನೀರನ್ನು ಮರುಬಳಸುತ್ತೇವೆ ಎಂಬ ಉತ್ತರ ಸದಾ ಸಿದ್ಧವಿರುತ್ತದೆ. ಮರುಬಳಕೆ ಸಾಧ್ಯ, ಆದ್ದರಿಂದಲೇ ಅದು ಭರವಸೆಯಾಗಿ ಉಳಿಯದೆ ಷರತ್ತಾಗಬೇಕು. ದಿನಕ್ಕೆ ಎಷ್ಟು ನೀರು, ಯಾವ ಮೂಲದಿಂದ, ಎಷ್ಟು ಮರುಬಳಕೆ, ಫ್ಲೋರೈಡ್ ಕೆಸರು ಎಲ್ಲಿಗೆ ಎಂಬುದನ್ನು ಯಂತ್ರ ಬರುವ ಮೊದಲೇ ಪ್ರಕಟಿಸಬೇಕು. ಚಿಪ್ ಉದ್ಯಮವನ್ನು ಕೈಬೀಸಿ ಕರೆಯುತ್ತಿರುವ ಕರ್ನಾಟಕಕ್ಕೂ ಇದೇ ಷರತ್ತು.

ತೂಬು ಎತ್ತುವ ಮುನ್ನ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ತಲುಪುವುದೇ ಎಂದು ನೋಡುವುದು ಕೆರೆಯ ಕೆಳಗಿನ ಊರುಗಳ ನ್ಯಾಯ. ಕಾರ್ಖಾನೆಗೂ ಅದೇ ನ್ಯಾಯ ಸಲ್ಲಬೇಕು.