ಒಂದು ತಂತಿಗೆ ಇಬ್ಬರು ಹಕ್ಕುದಾರರು

ಬೀದರ ನಗರದ ಹಳೆಯ ಓಣಿಯ ಮನೆಯೊಂದನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ಹೊರಕೋಣೆಯಲ್ಲಿ ತಂದೆಯ ಕಂಪ್ಯೂಟರು. ದಪ್ಪ ಗೋಡೆಯಾಚೆ ಒಳಕೋಣೆಯಲ್ಲಿ ಮಗಳ ಲ್ಯಾಪ್‌ಟಾಪು. ಮನೆಗೆ ಅಂತರ್ಜಾಲದ ತಂತಿ ಒಂದೇ. ಮಗಳು ಪದವಿಯ ಕಡೆಯ ವರ್ಷದವಳು. ಬೆಳಗಿನ 11 ಗಂಟೆಗೆ ಬೆಂಗಳೂರಿನವರು ನೌಕರಿಗಾಗಿ ಅವಳನ್ನು ಪರದೆಯ ಮೇಲೆಯೇ ಸಂದರ್ಶಿಸುವವರಿದ್ದಾರೆ. ಅದೇ ಹೊತ್ತಿಗೆ ತಮ್ಮನು ಹೊರಕೋಣೆಯಲ್ಲಿ ಕುಳಿತು, ಅಣ್ಣನ ಮದುವೆಯ ವಿಡಿಯೋವನ್ನು ಮುಂಬಯಿಯ ಕಾಕಾನಿಗೆ ಕಳುಹಿಸತೊಡಗುತ್ತಾನೆ. ಐದು ನಿಮಿಷ ಕಳೆಯುವುದರೊಳಗೆ ಸಂದರ್ಶಕರ ಮುಖ ಕಲ್ಲಿನಂತೆ ನಿಲ್ಲುತ್ತದೆ, ಮಾತು ತುಂಡುತುಂಡಾಗುತ್ತದೆ.

"ತಮ್ಮಾ, ಅದೇನ್ ನೋಡ್ಲಕತ್ತೀದಿ, ಬಂದ್ ಮಾಡೋ!"

"ನಾ ಏನೂ ನೋಡ್ಲಕತ್ತಿಲ್ಲಕ್ಕಾ. ಬರೇ ಕಳಸ್ಲಕತ್ತೀನಿ."

ಹುಡುಗನು ಹೇಳಿದ್ದು ಸತ್ಯ. ಕೇಡಿನ ಮೂಲವೂ ಆ ಸತ್ಯದಲ್ಲಿಯೇ ಇದೆ.

1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ತೆರೆದಾಗ ಹಂಚಿಕೆಯ ಪ್ರಶ್ನೆಯೇ ಹೆಚ್ಚಾಗಿ ಏಳುತ್ತಿರಲಿಲ್ಲ. ಟೆಲಿಫೋನಿನ ತಂತಿಗೆ ಒಂದು ಮೋಡೆಮ್, ಮೋಡೆಮ್‌ಗೆ ಒಂದು ಕಂಪ್ಯೂಟರು. ಅದು ನಡೆದಿರುವಷ್ಟು ಹೊತ್ತು ಟೆಲಿಫೋನು ಮೂಕ. 1999ರಲ್ಲಿ ಬಂದ ವಿಂಡೋಸ್ 98ರ ಎರಡನೆಯ ಆವೃತ್ತಿಯು ಸಂಪರ್ಕ ಹಂಚುವ ಅನುಕೂಲವನ್ನು ತಂದಿತು. ಆದರೆ ಹಂಚುವ ಕಂಪ್ಯೂಟರು ಸದಾ ಎಚ್ಚರವಾಗಿರಬೇಕು. ಅಣ್ಣ ತನ್ನ ಯಂತ್ರವನ್ನು ಆರಿಸಿ ಮಲಗಿದನೆಂದರೆ ತಂಗಿಯ ಪಾಠವೂ ಮಲಗಿದಂತೆಯೇ. ಈಗ ಆ ಕೆಲಸವನ್ನು ರೌಟರ್ ಎಂಬ ಪುಟ್ಟ ಪೆಟ್ಟಿಗೆ ವಹಿಸಿಕೊಂಡಿದೆ. ಅದು ಮನೆಯ ಪ್ರತಿಯೊಂದು ಯಂತ್ರಕ್ಕೂ ಒಳವಿಳಾಸವೊಂದನ್ನು ಕೊಡುತ್ತದೆ. ಯಾರು ಏನನ್ನು ಕೇಳಿದರೆಂದು ಪಟ್ಟಿಯಲ್ಲಿ ಬರೆದಿಟ್ಟು, ಉತ್ತರ ಬಂದೊಡನೆ ಕೇಳಿದವರಿಗೇ ಒಪ್ಪಿಸುತ್ತದೆ. ಹೊರಜಗತ್ತಿಗೆ ಕಾಣುವ ವಿಳಾಸ ಮಾತ್ರ ಒಂದೇ. ಈ ಉಪಾಯವು 1994ರಲ್ಲಿ ಪ್ರಕಟವಾಯಿತು. ಹಳೆಯ ಪದ್ಧತಿಯಲ್ಲಿ ಜಗತ್ತಿಗೆಲ್ಲ ಇದ್ದ ವಿಳಾಸಗಳು ಸುಮಾರು 429 ಕೋಟಿ. 2011ರ ಫೆಬ್ರವರಿಯಲ್ಲಿ ಅವುಗಳ ಕೇಂದ್ರ ಭಂಡಾರ ಬರಿದಾದ ಮೇಲೂ ಮನೆಮನೆಗಳಲ್ಲಿ ಕೆಲಸ ನಿಲ್ಲದಿದ್ದುದಕ್ಕೆ ಇದೂ ಒಂದು ಕಾರಣ.

ಒಂದೇ ಕಾಲುವೆಯನ್ನು ಹಲವರು ಬಳಸುವುದು ಬೀದರದವರಿಗೆ ಹೊಸ ಸಂಗತಿಯೇನಲ್ಲ. 15ನೆಯ ಶತಮಾನದಲ್ಲಿ ಬಹಮನಿ ಅರಸರ ಕಾಲಕ್ಕೆ ಪರ್ಶಿಯಾದ ಪದ್ಧತಿಯಂತೆ ತೋಡಿದ ಸುರಂಗ ಬಾವಿ ನೌಬಾದಿನಲ್ಲಿದೆ. ನೆಲದೊಳಗಿನ ಒಂದೇ ಹರಿವಿನ ಮೇಲೆ ಸಾಲಾಗಿ ಬಾವಿಬಾಯಿಗಳು. ಆದರೆ ಆ ನೀರು ಇಳಿಜಾರು ಹಿಡಿದು ಒಂದೇ ದಿಕ್ಕಿಗೆ ಹರಿಯುತ್ತದೆ. ಅಂತರ್ಜಾಲದ ತಂತಿಯಲ್ಲಿ ಹರಿವು ಎರಡು ದಿಕ್ಕಿನದು. ಮನೆಯವರು ಲೆಕ್ಕ ಹಾಕುವುದು ಒಳಬರುವುದನ್ನು ಮಾತ್ರ. ತಾಮ್ರದ ತಂತಿಯ ಎಡಿಎಸ್‌ಎಲ್ ಪದ್ಧತಿಯಲ್ಲಿ, ಅದರ ಸುಧಾರಿತ ರೂಪದಲ್ಲಿಯೂ, ಒಳದಾರಿ ಹೆಚ್ಚೆಂದರೆ ಸೆಕೆಂಡಿಗೆ 24 ಮೆಗಾಬಿಟ್ ಇದ್ದರೆ ಹೊರದಾರಿ ಒಂದು ಮೆಗಾಬಿಟ್ಟಿನ ಆಸುಪಾಸು. ಗಾಜಿನೆಳೆಯ ತಂತಿ ಹೆಚ್ಚು ಉದಾರಿ. ಆದರೂ ಅದಕ್ಕೆ ಮಿತಿಯಿಲ್ಲವೆಂದಲ್ಲ.

ತಮ್ಮನ ವಿಡಿಯೋ ಹೊರದಾರಿಯನ್ನು ತುಂಬಿಬಿಡುತ್ತದೆ. ರೌಟರಿನ ಬಾಗಿಲಲ್ಲಿ ಸಾಲು ಬೆಳೆಯುತ್ತದೆ. ಅಕ್ಕನ ಮುಖ, ಅಕ್ಕನ ಮಾತು ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತವೆ. ಅಷ್ಟೇ ಅಲ್ಲ, ಅಂತರ್ಜಾಲದ ಬಹುಪಾಲು ವ್ಯವಹಾರದಲ್ಲಿ ಬಂದ ಸರಕಿಗೆ "ಮುಟ್ಟಿತು" ಎಂಬ ರಸೀದಿಯನ್ನು ಹಿಂದಕ್ಕೆ ಕಳುಹಿಸಬೇಕು. ಆ ರಸೀದಿಗಳೂ ಅದೇ ಸಾಲಿನಲ್ಲಿ ಸಿಕ್ಕಿಕೊಳ್ಳುವುದರಿಂದ, ಖಾಲಿಯಿರುವ ಒಳದಾರಿಯೂ ನಿಧಾನವಾಗುತ್ತದೆ. ಹೆಚ್ಚು ವೇಗದ, ಹೆಚ್ಚು ಬೆಲೆಯ ಸಂಪರ್ಕವನ್ನು ಕೊಳ್ಳುವ ಮೊದಲು ಈ ಸಾಲನ್ನು ಕರಗಿಸುವುದು ಜಾಣತನ. ಕಳುಹಿಸುವ ವೇಗಕ್ಕೆ ಮಿತಿ ಹಾಕುವ ಅನುಕೂಲ ಅನೇಕ ರೌಟರುಗಳಲ್ಲಿರುತ್ತದೆ. ತಂತಿಯ ಶಕ್ತಿಗಿಂತ ತುಸು ಕಡಿಮೆ ಇಟ್ಟರೆ ಸಾಲು ಕಟ್ಟದು. ಅದು ತಿಳಿಯದಿದ್ದರೆ ಮದುವೆಯ ವಿಡಿಯೋ ರಾತ್ರಿ ಹೊರಡಲಿ. ಕಾಕಾ ಬೆಳಗಿನ ಚಹಾದೊಡನೆ ನೋಡಿಯಾರು. ಮೂರನೆಯ ಹಕ್ಕುದಾರನೊಬ್ಬನೂ ಇದ್ದಾನೆ: ತಾಯಿಯ ಮೊಬೈಲು. ಯಾರೂ ಹೇಳದಿದ್ದರೂ ಅದು ತನ್ನ ಚಿತ್ರಗಳನ್ನೆಲ್ಲ ಮೌನವಾಗಿ ಹೊರಗಿನ ಉಗ್ರಾಣಕ್ಕೆ ಏರಿಸುತ್ತಿರಬಹುದು.

ಇನ್ನು ಗೋಡೆಯ ಮಾತು. ವೈ-ಫೈಯಲ್ಲಿ ಯಂತ್ರಗಳು ಸರದಿಯಂತೆ ಮಾತಾಡುತ್ತವೆ. ದಪ್ಪ ಗೋಡೆಯಾಚೆಗಿನ ಯಂತ್ರವು ಬಿಡಿಸಿ ಬಿಡಿಸಿ ನುಡಿಯಬೇಕಾಗುವುದರಿಂದ ಅದರ ಸರದಿ ಉದ್ದವಾಗುತ್ತದೆ; ಪೆಟ್ಟಿಗೆಯ ಪಕ್ಕದಲ್ಲಿರುವ ಯಂತ್ರವೂ ಕಾಯಬೇಕಾಗುತ್ತದೆ. ಕದಲದ ಕಂಪ್ಯೂಟರಿಗಾದರೂ ತಂತಿಯನ್ನು ಎಳೆಸುವುದು ಲೇಸು. ಮಾಮೂಲು ಲ್ಯಾನ್ ತಂತಿ 100 ಮೀಟರಿನವರೆಗೆ ಕುಂದಿಲ್ಲದೆ ಕೆಲಸ ಮಾಡುತ್ತದೆ; ಯಾವ ವಾಡೆಗೂ ಅಷ್ಟು ಸಾಕು.

ಭಾಲ್ಕಿಯಂಥ ಊರಿನಲ್ಲಿ ಕೆಳಗೆ ಅಣ್ಣ, ಮಾಳಿಗೆಯ ಮೇಲೆ ತಮ್ಮ ಸಂಸಾರ ಹೂಡಿದ ಮನೆಗಳಲ್ಲಿ ತೊಡಕು ಬೇರೆ ಬಗೆಯದು. ಒಲೆ ಎರಡಾಗಿವೆ, ಬಿಲ್ಲು ಒಂದೇ. ಅಣ್ಣ ಹಣ ಕೇಳಲಾರ, ತಮ್ಮ ಕೊಡಲು ನೆನೆಯಲಾರ! ಮೇಲಿನವರಿಗೆ ಅತಿಥಿ ಜಾಲವೆಂಬ ಬೇರೆ ಹೆಸರಿನ ವೈ-ಫೈಯನ್ನೂ ಬೇರೆ ಗುಪ್ತಪದವನ್ನೂ ಕೊಟ್ಟರೆ ಸಂಕೋಚ ಸ್ವಲ್ಪ ಕಡಿಮೆಯಾದೀತು. ನೆರೆಮನೆಯವರಿಗೆ ಗುಪ್ತಪದ ಹೇಳುವುದಂತೂ ಸಲ್ಲದು. ಏನಾದರೂ ಅಪರಾಧ ನಡೆದರೆ, ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲನ್ನೇ ವಿಚಾರಣೆ ಮೊದಲು ತಟ್ಟುತ್ತದೆ.

ಔರಾದದ ಕಡೆಯ ಹಳ್ಳಿಗಳಲ್ಲಿ, ತಂತಿ ಹೊಸ್ತಿಲಿಗೆ ಬಾರದ ಮನೆಯಲ್ಲಿ, ಮೊಬೈಲೇ ರೌಟರು. ಅದರ ಹಾಟ್‌ಸ್ಪಾಟ್ ತೆರೆದರೆ ಎರಡು ಲ್ಯಾಪ್‌ಟಾಪುಗಳು ಬಂದು ಸೇರುತ್ತವೆ. ಆದರೆ ದಿನಕ್ಕೆ ಇಷ್ಟೇ ಎಂದು ಅಳೆದು ಕೊಡುವ ಡೇಟಾ ಅದು. ಲ್ಯಾಪ್‌ಟಾಪು ತನ್ನ ಹೊಸ ಆವೃತ್ತಿಯನ್ನು ತಾನಾಗಿಯೇ ಇಳಿಸಿಕೊಳ್ಳಹೊರಟರೆ, ಮಕ್ಕಳ ಪಾಠ ಆರಂಭವಾಗುವ ಮೊದಲೇ ಅಂದಿನ ಪಾಲು ತೀರಿಹೋಗುತ್ತದೆ. ಎರಡು ಯಂತ್ರಗಳಲ್ಲಿಯೂ ಆ ಸಂಪರ್ಕವನ್ನು "ಮೀಟರ್ಡ್" ಎಂದು ಗುರುತಿಸಿಟ್ಟರೆ ಈ ಸೋರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಮುಖ್ಯ ಕೆಲಸವಿರುವ ಯಂತ್ರಕ್ಕೆ ಮೊಬೈಲನ್ನು ಯುಎಸ್‌ಬಿ ತಂತಿಯಿಂದಲೇ ಜೋಡಿಸುವುದು ಇನ್ನೂ ಒಳಿತು: ಮಾತು ನೇರವಾಗಿ ಹೋಗುತ್ತದೆ, ಮನೆಯ ಕರೆಂಟು ಹೋಗಿದ್ದರೂ ಲ್ಯಾಪ್‌ಟಾಪಿನ ಬ್ಯಾಟರಿಯಿಂದ ಮೊಬೈಲಿಗೆ ಚಾರ್ಜು ಏರುತ್ತಿರುತ್ತದೆ. ತಂತಿ ಮಾತ್ರ ತುಸು ಉದ್ದವಿರಲಿ. ಸಿಗ್ನಲು ಸಿಗುವುದು ಕಿಟಕಿಯ ಬಳಿಯಲ್ಲಿ, ಮೇಜು ಇರುವುದು ಕೋಣೆಯ ಮೂಲೆಯಲ್ಲಿ.