ಷೋರೂಮಿನ ಹಿತ್ತಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಇಂದು ಇದ್ದಿದ್ದರೆ, ಕಾರು ಕೊಂಡು ನೋಡು ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೋ ಏನೋ! 1960ರ ದಶಕದಲ್ಲಿ ನಮ್ಮ ದೇಶದಲ್ಲಿ ಮುಖ್ಯವಾಗಿ ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಮೂರರಲ್ಲೇ ಆಯ್ಕೆ. ಹೆಸರು ಬರೆಸಿದವನು ವರ್ಷಗಟ್ಟಲೆ ಕಾಯಬೇಕು. ಸರದಿ ಬಂದಾಗ ಏಜೆಂಟರು ಕೊಟ್ಟ ಬಣ್ಣವೇ ಮೆಚ್ಚಿನ ಬಣ್ಣ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕಾಲ ತಿರುಗಿತು. ಈಗ ಬಾಗಿಲಲ್ಲಿ ನಿಂತು ಕೈಮುಗಿಯುವವನು ಕೊಳ್ಳುವವನಲ್ಲ, ಮಾರುವವನು.

ಆದರೆ ಕೈಮುಗಿದವರೆಲ್ಲರೂ ನಂಬಿಕಸ್ಥರೆಂದಲ್ಲ. ಗಾಜಿನ ಗೋಡೆ, ತಣ್ಣನೆಯ ಗಾಳಿ, ಹೂವಿನ ಹಾರ, ಸಿಹಿಯ ಪೊಟ್ಟಣ—ಇವೆಲ್ಲ ಒಂದು ದಿನದ ವೈಭವ. ಅನಂತರ ಹತ್ತು ವರ್ಷ ಗಾಡಿಯ ಯೋಗಕ್ಷೇಮ ಹಿಂಬದಿಯ ವರ್ಕ್‌ಷಾಪಿಗೆ ಸೇರಿದ್ದು. ಸಂಬಂಧ ಬೆಳೆಸಲು ಹೋದ ಜಾಣರು ಅಂಗಳದ ರಂಗವಲ್ಲಿಗೆ ಮರುಳಾಗದೆ ಹಿತ್ತಲನ್ನೂ ನೋಡಿ ಬರುತ್ತಾರೆ. ಕಾರು ಕೊಳ್ಳುವವರಿಗೂ ಇದೇ ನೀತಿ ಲೇಸು.

“ಕಂಪನಿ ಹೆಸರಾಂತದ್ದು, ಏಜೆಂಟನು ಯಾರಾದರೇನು?” ಎನ್ನುವವರುಂಟು. ಅವರು ಗೋವೆಯ ಗೃಹಸ್ಥರೊಬ್ಬರ ಕಥೆಯನ್ನು ಕೇಳಬೇಕು. 2011ರ ಮಾದರಿಗೆಂದು ಹಣ ತೆತ್ತ ಅವರಿಗೆ ಏಜೆಂಟನು ಕೊಟ್ಟದ್ದು 2009ರಲ್ಲಿ ತಯಾರಾಗಿ, ಆಗಲೇ 622 ಕಿಲೋಮೀಟರು ಓಡಿದ್ದ, ಅಡಿಭಾಗಕ್ಕೆ ತುಕ್ಕು ಹಿಡಿದಿದ್ದ ಗಾಡಿ. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೂ ನಡೆದು, 2021ರಲ್ಲಿ ತೀರ್ಪು ಬಂತು: ಏಜೆಂಟನ ಕೃತ್ಯ ತಯಾರಕರಿಗೆ ತಿಳಿದಿತ್ತೆಂದು ಸಿದ್ಧವಾಗದ ಹೊರತು ಅದರ ಹೊಣೆಯನ್ನು ತಯಾರಕರ ಮೇಲೆ ಹೊರಿಸುವಂತಿಲ್ಲ. ಎಂದ ಮೇಲೆ, ಗಾಡಿಯ ಮೂತಿಯ ಮೇಲಿನ ಮುದ್ರೆಗಿಂತ, ರಸೀದಿಗೆ ರುಜು ಹಾಕುವ ಕೈ ಎಂಥದೆಂಬುದೇ ಮುಖ್ಯವಲ್ಲವೆ?

ಅದನ್ನು ಅರಿಯುವ ದಾರಿ ಕಠಿನವೇನಲ್ಲ. ಮುಂಗಡ ಕೊಡುವ ಮೊದಲು ಒಂದು ಸಂಜೆ ವರ್ಕ್‌ಷಾಪಿನ ಬಾಗಿಲಲ್ಲಿ ನಿಂತು, ಗಾಡಿಯನ್ನು ಬಿಡಿಸಿಕೊಂಡು ಹೋಗುವವರನ್ನು ವಿಚಾರಿಸಬೇಕು. ಹೇಳಿದ ಹೊತ್ತಿಗೆ ಗಾಡಿ ಸಿಕ್ಕಿತೆ? ಬಿಲ್ಲು ಎಸ್ಟಿಮೇಟನ್ನು ಮೀರುವಂತಿದ್ದಾಗ ಮೊದಲೇ ಕೇಳಿದರೆ? ಬದಲಾಯಿಸಿದ ಹಳೆಯ ಭಾಗವನ್ನು ತೋರಿಸಿದರೆ? ದೂರನ್ನು ಜಾಬ್ ಕಾರ್ಡಿನಲ್ಲಿ ಬರೆದು ಪ್ರತಿ ಕೊಟ್ಟರೆ? ಹತ್ತು ಜನರ ಮುಖಭಾವವೇ ಉತ್ತರ ಹೇಳುತ್ತದೆ.

ಕೊಳ್ಳುವ ದಿನ ಗಾಡಿಯನ್ನು ಹಗಲು ಬೆಳಕಿನಲ್ಲೇ ನೋಡಬೇಕು. ಚಾಸಿಯ ಮೇಲಿನ ಹದಿನೇಳು ಅಕ್ಷರ-ಅಂಕಿಗಳ ಗುರುತು ಕಾಗದಪತ್ರಗಳಲ್ಲಿಯೂ ಅದೇ ಆಗಿರಬೇಕು. ಮಾರಾಟದ ಪತ್ರವಾದ ಫಾರಂ 21ರಲ್ಲಿ ತಯಾರಾದ ತಿಂಗಳು, ವರ್ಷ ನಮೂದಾಗಿರುತ್ತವೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳುಂಟು: ಮೊದಲೆರಡು ವಾರ, ಕೊನೆಯೆರಡು ವರ್ಷ. ಹೊಸ ಗಾಡಿಗೆ ಹಳೆಯ ಟೈರು ಕಂಡರೆ ಸಂಶಯಪಡುವುದು ಸಹಜ. ತಾತ್ಕಾಲಿಕವೋ ಕಾಯಮ್ಮೋ, ನೋಂದಣಿಯಿಲ್ಲದೆ ಏಜೆಂಟನು ಗಾಡಿಯನ್ನು ಒಪ್ಪಿಸಕೂಡದೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 42ನೆಯದು ವಿಧಿಸಿದೆ. “ನಂಬರು ಆಮೇಲೆ ಬರುತ್ತದೆ, ಈಗ ಒಯ್ಯಿರಿ” ಎನ್ನುವವನು ಉಪಕಾರ ಮಾಡುತ್ತಿಲ್ಲ. ವಿಮೆಯನ್ನೂ ಅವನಲ್ಲೇ ಮಾಡಿಸಬೇಕೆಂಬ ಕಟ್ಟಳೆಯಿಲ್ಲ. ನಾಲ್ಕು ಕಡೆ ದರ ಕೇಳಿದರೆ ಅವನ ದರದ ನಿಜ ತಿಳಿಯುತ್ತದೆ.

ಇಷ್ಟಾದರೂ ಮೋಸಹೋದವರು ಸುಮ್ಮನಿರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ, ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ದೂರಿಗೆ ಕಾರಣ ಒದಗಿದ ಎರಡು ವರ್ಷದೊಳಗೆ ಕೊಡಬೇಕು. ಆದರೆ ಗೆದ್ದವನಿಗೂ ಕಳೆದ ವರ್ಷಗಳು ಹಿಂದಿರುಗುವುದಿಲ್ಲ.

ಕೊನೆಗೊಂದು ಲಕ್ಷಣ. ಬ್ರೇಕಿನ ಪಟ್ಟಿಯನ್ನು ಬಿಚ್ಚಿ ನೋಡಿದ ಮೆಕ್ಯಾನಿಕ್ಕು, “ಸ್ವಾಮಿ, ಇದು ಇನ್ನೂ ಆರು ತಿಂಗಳು ಬಾಳುತ್ತದೆ, ಈಗ ಬದಲಾಯಿಸಬೇಡಿ” ಎನ್ನುವ ವರ್ಕ್‌ಷಾಪು ಯಾವ ಊರಿನಲ್ಲಿದೆಯೋ ಆ ಊರಿನವರು ಪುಣ್ಯವಂತರು. ತನಗೆ ಬರುವ ಹಣವನ್ನು ಬೇಡವೆನ್ನಬಲ್ಲವನ ಕೈಗೆ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವ ಗಾಡಿಯನ್ನು ನಿಶ್ಚಿಂತೆಯಿಂದ ಒಪ್ಪಿಸಬಹುದು.