ಪತ್ರಾ ಶೆಡ್ಡೋ, ಕೋಬಾವೋ: ಸೊಸೈಟಿ ಟೆರೇಸಿನ ಖರ್ಚಿನ ಲೆಕ್ಕ

ಮುಂಬಯಿಯ ಹಳೆಯ ಸೊಸೈಟಿಗಳ ವಾರ್ಷಿಕ ಸಭೆಯಲ್ಲಿ ಟೆರೇಸಿನ ಮಾತು ಬಂತೆಂದರೆ ಸದಸ್ಯರು ಎರಡು ಪಾಳಯವಾಗುತ್ತಾರೆ. ಕಾಯಂ ಆಗಿ ತಗಡಿನ ಪತ್ರಾ ಶೆಡ್ ಹಾಕಿಸಿಬಿಡೋಣ ಎನ್ನುವವರು ಒಂದು ಕಡೆ. ಹಳೆಯ ಕೋಬಾ, ಅಂದರೆ ಸ್ಲ್ಯಾಬಿನ ಮೇಲಿನ ಇಟ್ಟಿಗೆ ಚೂರು-ಸಿಮೆಂಟಿನ ಪದರ, ಕಿತ್ತು ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸಿದರೆ ಸಾಕು ಎನ್ನುವವರು ಇನ್ನೊಂದು ಕಡೆ. ನಾನು ಕಂಡಂತೆ ನಮ್ಮ ಕರಾವಳಿಯವರು ಹೆಚ್ಚಾಗಿ ಶೆಡ್ಡಿನ ಕಡೆಗೇ ವಾಲುತ್ತಾರೆ. ಅದಕ್ಕೆ ಕಾರಣವೂ ಇದೆ. ಉಡುಪಿ, ಕಾರ್ಕಳ, ಪುತ್ತೂರಿನ ಕಡೆ ಆರ್‌ಸಿಸಿ ಮನೆ ಕಟ್ಟಿಸಿ, ತಾರಸಿ ಸೋರಿ ಸೋರಿ ಬೇಸತ್ತು, ಕೊನೆಗೆ ಮೇಲೆ ಶೀಟು ಹಾಕಿಸಿದವರು ಎಷ್ಟೋ ಮಂದಿ. ಅಲ್ಲಿಂದ ಮುಂದೆ ಸೋರಿಕೆಯೂ ನಿಂತಿತು, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು, ನಾಲ್ಕು ಜನ ಕೂತು ಮಾತಾಡಲು ಒಂದು ಜಾಗವೂ ಆಯಿತು. ಆ ಅನುಭವ ಸುಳ್ಳಲ್ಲ.

ಆದರೆ ಊರಿನ ಮನೆಗೆ ಒಂದೋ ಎರಡೋ ಮಹಡಿ, ಸುತ್ತ ತೆಂಗು, ಮಾವು. ಇಲ್ಲಿ ಏಳನೆಯ ಮಹಡಿಯ ನೆತ್ತಿಗೆ ಸಮುದ್ರದ ಗಾಳಿ ನೇರವಾಗಿ ಬಡಿಯುತ್ತದೆ. ಭಾರತೀಯ ಮಾನಕ ಸಂಸ್ಥೆಯ ನಿಯಮ ಮುಂಬಯಿಗೆ ಗೊತ್ತುಮಾಡಿರುವ ಮೂಲ ಗಾಳಿವೇಗ ಸೆಕೆಂಡಿಗೆ 44 ಮೀಟರ್, ಅಂದರೆ ಗಂಟೆಗೆ ಸುಮಾರು 158 ಕಿ.ಮೀ. 2021ರ ಮೇ 17ರಂದು ತೌಕ್ತೆ ಚಂಡಮಾರುತ ಪಕ್ಕದಲ್ಲಿ ಹಾದುಹೋದಾಗ ಗಾಳಿ ಗಂಟೆಗೆ 100 ಕಿ.ಮೀ. ದಾಟಿತ್ತು. 2024ರ ಮೇ 13ರ ಬಿರುಗಾಳಿಗೆ ಘಾಟ್ಕೋಪರಿನಲ್ಲಿ ಜಾಹೀರಾತು ಫಲಕ ಉರುಳಿ 17 ಮಂದಿ ಸತ್ತರು. ಶೆಡ್ಡಿನ ಕೊಟೇಶನ್ನಿನಲ್ಲಿ ತಗಡಿನ ದಪ್ಪ ಇರುತ್ತದೆ, ಬಣ್ಣ ಇರುತ್ತದೆ. ಗಾಳಿ ಕೆಳಗಿನಿಂದ ಎತ್ತಿ ಎಳೆಯುವಾಗ ಕಂಬದ ಬುಡ ಯಾವುದನ್ನು ಹಿಡಿದುಕೊಂಡಿರುತ್ತದೆ ಎಂಬ ಮಾತು ಬಹಳ ಸಲ ಇರುವುದಿಲ್ಲ. ಸ್ಲ್ಯಾಬಿಗೆ ಬೋಲ್ಟ್ ಹೊಡೆದರೆ ಪ್ರತಿ ಬೋಲ್ಟಿನ ಪಕ್ಕವೂ ಹೊಸ ಸೋರಿಕೆಗೆ ದಾರಿ. ಕಾಲಮ್ಮುಗಳ ನೇರಕ್ಕೆ ಗಟ್ಟಿ ಪೀಠ ಕಟ್ಟಿ ನಿಲ್ಲಿಸಬೇಕು. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು, ಅವರ ಶುಲ್ಕವೂ ಬಜೆಟ್ಟಿನಲ್ಲಿ ಇರಬೇಕು.

ಕೋಬಾದ ಕಡೆಯವರ ಲೆಕ್ಕದಲ್ಲೂ ಕಾಣದ ಭಾರವಿದೆ. ಇಟ್ಟಿಗೆ ಚೂರು ಹಾಸಿ, ಸಿಮೆಂಟಿನಲ್ಲಿ ಇಳಿಜಾರು ಕೂಡಿಸಿ, ಮೇಲೆ ಒಡೆದ ಟೈಲಿನ ಚೈನಾ ಮೊಸಾಯಿಕ್ ಕೂರಿಸುವ ಈ ಪದ್ಧತಿ ಮುಂಬಯಿಯಲ್ಲಿ ಬಹಳ ಕಾಲದಿಂದ ನಡೆದುಬಂದದ್ದು. ಬಿಳಿ ಮೊಸಾಯಿಕ್ ಬಿಸಿಲನ್ನೂ ತಿರುಗಿಸಿ ಕಳಿಸುತ್ತದೆ. ಆದರೆ ನಾಲ್ಕು ಇಂಚಿನ ಕೋಬಾ ಚದರಡಿಗೆ ಸುಮಾರು 18 ಕೆ.ಜಿ. ತೂಗುತ್ತದೆ. 3,000 ಚದರಡಿಯ ಟೆರೇಸಾದರೆ 54 ಟನ್! ಅಷ್ಟನ್ನೂ ಒಡೆದು, ಗೋಣಿಯಲ್ಲಿ ತುಂಬಿ, ಕೆಳಗಿಳಿಸಿ, ಲಾರಿಗೆ ಹಾಕಿ ಸಾಗಿಸಬೇಕು. ಕಂಟ್ರಾಕ್ಟರನ ಕೊಟೇಶನ್ನಿನ ಕಡೆಯ ಸಾಲಿನಲ್ಲಿ ‘ಡೆಬ್ರಿಸ್ ಸೊಸೈಟಿಯ ಖರ್ಚಿನಲ್ಲಿ’ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಈ ಖರ್ಚು ಉಳಿಸಲೆಂದು ಹಳೆಯ ಕೋಬಾದ ಮೇಲೆಯೇ ಇನ್ನೊಂದು ಪದರ ಹಾಕಿಸುವ ಸೊಸೈಟಿಗಳಿವೆ. ವಯಸ್ಸಾದ ಸ್ಲ್ಯಾಬಿನ ಮೇಲೆ ಇನ್ನೂ 54 ಟನ್ ಹೇರುವ ಆ ಉಳಿತಾಯ ಯಾವ ಪಾಳಯಕ್ಕೂ ಬೇಡ.

ಈಗ ರೂಪಾಯಿಗೆ ಬರೋಣ. ದರ ಕಟ್ಟಡದಿಂದ ಕಟ್ಟಡಕ್ಕೆ ಬೇರೆಯಾಗುತ್ತದೆ. ದಾರಿ ಕಾಣಲೆಂದು ಇಲ್ಲಿ ಕೆಲವು ದರಗಳನ್ನು ಊಹಿಸಿಕೊಂಡಿದ್ದೇನೆ. ಅದೇ 3,000 ಚದರಡಿ, 30 ಫ್ಲ್ಯಾಟು. ಹೊಸ ಕೋಬಾಕ್ಕೆ ಚದರಡಿಗೆ 150 ರೂಪಾಯಿ, ಹಳೆಯದನ್ನು ಕಿತ್ತು ಸಾಗಿಸಲು 50 ಎಂದಿಟ್ಟುಕೊಳ್ಳಿ. 6 ಲಕ್ಷವಾಯಿತು. ಶೇಕಡಾ 18 ಜಿಎಸ್‌ಟಿ ಸೇರಿದರೆ 7 ಲಕ್ಷ 8 ಸಾವಿರ. ಶೆಡ್ಡಿಗೆ ಚದರಡಿಗೆ 300 ಎಂದರೆ 9 ಲಕ್ಷ, ತೆರಿಗೆ ಸೇರಿ 10 ಲಕ್ಷ 62 ಸಾವಿರ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯದಿರಲು ನಾಲ್ಕು ವರ್ಷಕ್ಕೊಮ್ಮೆ 75 ಸಾವಿರದ ಪೇಂಟಿಂಗ್, 15 ವರ್ಷದಲ್ಲಿ ಮೂರು ಸಲ. ಒಟ್ಟು 12 ಲಕ್ಷ 87 ಸಾವಿರ. ಒಂದು ಫ್ಲ್ಯಾಟಿಗೆ ಕೋಬಾ ಸರಾಸರಿ 23,600, ಶೆಡ್ 42,900. ಇಲ್ಲಿಗೆ ಕೋಬಾದವರೇ ಗೆದ್ದರು ಅನಿಸುತ್ತದೆ. ಆದರೆ ಆ ಕೋಬಾ 15 ವರ್ಷ ಬಾಳಬೇಕು. ಎಂಟನೆಯ ವರ್ಷಕ್ಕೆ ಬಿರುಕು ಬಿಟ್ಟು ಮತ್ತೆ ಕಿತ್ತು ಹಾಕಿಸುವಂತಾದರೆ ಇವತ್ತಿನ ದರದಲ್ಲೇ 14 ಲಕ್ಷ 16 ಸಾವಿರವಾಯಿತು, ಶೆಡ್ಡಿಗಿಂತ ಹೆಚ್ಚು. ತಕ್ಕಡಿಯ ಮುಳ್ಳು ವಾಲುವುದು ಮೊದಲ ಬಿಲ್ಲಿನ ಮೇಲಲ್ಲ, ನಿಮ್ಮ ಸ್ಲ್ಯಾಬಿನ ಸ್ಥಿತಿಯ ಮೇಲೆ.

ಹಾಗಾಗಿ ನನ್ನ ಅಭಿಪ್ರಾಯ ಹೀಗಿದೆ. ಕಟ್ಟಡದ ವಯಸ್ಸು 25 ವರ್ಷದೊಳಗಿದ್ದು, ಇದು ಮೊದಲ ಸೋರಿಕೆಯಾಗಿದ್ದರೆ ಕೋಬಾ ಇಲ್ಲವೇ ನೀರು ತಡೆಯುವ ಮೆಂಬ್ರೇನ್ ಪದರ ಸಾಕು. ಎರಡು ಮೂರು ಸಲ ವಾಟರ್‌ಪ್ರೂಫಿಂಗ್ ಮಾಡಿಸಿಯೂ ಮೇಲಿನ ಮಹಡಿಯ ಅಜ್ಜಿ ಇಂದಿಗೂ ಹಾಸಿಗೆಯ ಪಕ್ಕ ಬಕೆಟ್ ಇಟ್ಟು ಮಲಗುತ್ತಾರೆಂದರೆ ಶೆಡ್ಡಿನವರ ಮಾತಿಗೆ ತೂಕ ಬರುತ್ತದೆ. ಆಗಲೂ ಸ್ಲ್ಯಾಬಿನೊಳಗಿನ ತುಕ್ಕು ಹಿಡಿದ ಸಲಾಕೆಗಳ ರಿಪೇರಿ ಮೊದಲಾಗಬೇಕು, ಟ್ಯಾಂಕಿನ ಪೈಪಿನ ಸೋರಿಕೆ ನಿಲ್ಲಬೇಕು. ಮಾಡದಿದ್ದರೆ ಶೆಡ್ ರೋಗವನ್ನು ಮುಚ್ಚಿಡುತ್ತದೆಯೇ ಹೊರತು ಗುಣಪಡಿಸುವುದಿಲ್ಲ. ಇನ್ನು ಐದು ವರ್ಷದೊಳಗೆ ರೀಡೆವಲಪ್‌ಮೆಂಟ್ ಖಚಿತವಿರುವಲ್ಲಿ ಎರಡೂ ಬೇಡ, ವರ್ಷ ವರ್ಷ ನೀಲಿ ತಾಡಪತ್ರಿ ಕಟ್ಟಿಸುವುದೇ ಜಾಣತನ. ಮಳೆಗಾಲಕ್ಕೆ ಮಾತ್ರ ಟೆರೇಸ್ ಮುಚ್ಚುವ ತಾತ್ಕಾಲಿಕ ವ್ಯವಸ್ಥೆಗೆ ಇಲ್ಲಿನ ನಿಯಮಗಳಲ್ಲೇ ಅವಕಾಶವಿದೆ. ಕಾಯಂ ಶೆಡ್ಡಿಗೆ ಮಹಾನಗರ ಪಾಲಿಕೆಯ ಅನುಮತಿ ಬೇಕು. ಅನುಮತಿಯಿಲ್ಲದೆ ಕಟ್ಟಿ, ಸುತ್ತ ಗೋಡೆಯನ್ನೂ ಎಬ್ಬಿಸಿ ನೋಟಿಸು ಬಂದರೆ ಕಟ್ಟಿದ ದುಡ್ಡೂ ಹೋಯಿತು, ಕೆಡವುವ ಖರ್ಚೂ ಬಂತು.

ಕೆಳಗಿನ ಮಹಡಿಯವರ ಪ್ರಶ್ನೆಯೊಂದು ಉಳಿಯುತ್ತದೆ: ಸೋರುವುದು ಮೇಲಿನ ಮಹಡಿಯವರಿಗೆ, ನಾವೇಕೆ ಕೊಡಬೇಕು? ಮಹಾರಾಷ್ಟ್ರದ ಮಾದರಿ ಉಪವಿಧಿಗಳು ಟೆರೇಸಿನ ಸೋರಿಕೆಯನ್ನು ಇಡೀ ಸೊಸೈಟಿಯ ಹೊಣೆ ಮಾಡಿವೆ. ರಿಪೇರಿ ನಿಧಿಗೆ ಪ್ರತಿ ಫ್ಲ್ಯಾಟಿನ ನಿರ್ಮಾಣ ವೆಚ್ಚದ ಕನಿಷ್ಠ ಶೇ. 0.75, ಸಿಂಕಿಂಗ್ ಫಂಡಿಗೆ ಶೇ. 0.25 ವರ್ಷಂಪ್ರತಿ ಕಟ್ಟಬೇಕು. ಇದನ್ನು ಬಿಡದೆ ಕೂಡಿಸಿದ ಸೊಸೈಟಿಯಲ್ಲಿ ಜಗಳ ಕಡಿಮೆ, ಕೂಡಿಸದಲ್ಲಿ ಪ್ರತಿಯೊಬ್ಬರ ಕೈಗೂ ಒಮ್ಮೆಗೇ ದೊಡ್ಡ ಬಿಲ್ಲು.

ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಆಗ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಸೀಲಿಂಗಿನ ಕಲೆ ಹಸಿಯಾಗಿರುತ್ತದೆ. ಎಂಜಿನಿಯರರನ್ನು ಕರೆಸಿ ತೋರಿಸಲು ಅದೇ ಸಮಯ. ದೀಪಾವಳಿ ಕಳೆದ ಮೇಲೆ ಎರಡೂ ಕೆಲಸಕ್ಕೆ ಕೊಟೇಶನ್ ತರಿಸಿ, ಸಾಗಾಟ, ತೆರಿಗೆ, ಅನುಮತಿ, ಪೇಂಟಿಂಗ್ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಸದಸ್ಯರ ಮುಂದಿಡಬಹುದು. ಯಾವ ಪಾಳಯ ಗೆದ್ದರೂ ಕೆಲಸ ಜನವರಿಯಲ್ಲಿ ಶುರುವಾಗಲಿ, ಬಿಲ್ಲಿನ ಒಂದು ಪಾಲು ಮುಂದಿನ ಮಳೆಗಾಲ ಮುಗಿಯುವ ತನಕ ಸೊಸೈಟಿಯ ಕೈಯಲ್ಲೇ ಉಳಿಯುವಂತೆ ಕರಾರಿನಲ್ಲಿ ಬರೆಸಿಕೊಳ್ಳಿ.